ಎಳ್ಳು-ಬೆಲ್ಲದ ನಲವತ್ತು ಪೊಟ್ಟಣಗಳು

ಮಕರ ಸಂಕ್ರಾಂತಿಯು ಸಾಮಾನ್ಯವಾಗಿ ಜನವರಿ 14 ಅಥವಾ 15ರಂದು ಬರುವುದು. ಅಂದು ಮೈಸೂರು ಸೀಮೆಯ ಹೆಣ್ಣುಮಕ್ಕಳು ತಟ್ಟೆಯಲ್ಲಿ ಎಳ್ಳು-ಬೆಲ್ಲ, ಸಕ್ಕರೆ ಅಚ್ಚು, ಕಬ್ಬಿನ ತುಂಡುಗಳನ್ನಿರಿಸಿಕೊಂಡು ನೆರೆಹೊರೆಯ ಮನೆಗಳಿಗೆ ಹೋಗಿ ಕೊಟ್ಟು ಬರುವರು. ಇದಕ್ಕೆ ಎಳ್ಳು ಬೀರುವುದೆಂದು ಹೆಸರು. ಉತ್ತರ ಕರ್ನಾಟಕದಲ್ಲಿ ಕುಸುರೆಳ್ಳು ಹಂಚುವ ರೂಢಿಯುಂಟು. ನಾವು ಬಾಳುತ್ತಿರುವ ಮುಂಬಯಿಯಲ್ಲಿ ಮರಾಠಿ ನೆರೆಯವರು ತಿಳಗುಳವನ್ನು ಕೈಗಿತ್ತು ‘ಗೋಡ್ ಗೋಡ್ ಬೋಲಾ’ ಎನ್ನುವರು. ‘ಎಳ್ಳು-ಬೆಲ್ಲ ತಿಂದು ಒಳ್ಳೆಯ ಮಾತಾಡಿ’ ಎಂಬ ನಮ್ಮವರ ಮಾತಿನ ತಾತ್ಪರ್ಯವೂ ಅದೇ. ಭಾಷೆ ಎರಡು, ಹಾರೈಕೆ ಒಂದು.

ವಿದ್ಯಾರ್ಥಿ ಮಿತ್ರರೇ, ಈ ಹಬ್ಬಕ್ಕಾಗಿ ನಲವತ್ತು ಮಕ್ಕಳ ಒಂದು ತರಗತಿಗೆ ಎಳ್ಳು-ಬೆಲ್ಲದ ಪೊಟ್ಟಣಗಳನ್ನು ಸಿದ್ಧಪಡಿಸುವ ಬಗೆಯನ್ನು ಈ ಪಾಠದಲ್ಲಿ ಅರಿಯೋಣ.

ಕೂಡಿ ಮಾಡುವುದೇಕೆ?

ಹುಟ್ಟಿದ ದಿನ ಅಂಗಡಿಯ ಬಣ್ಣದ ಪೊಟ್ಟಣಗಳನ್ನು ತರಗತಿಗೆಲ್ಲ ಹಂಚಬಲ್ಲ ಮಗುವೂ, ಏನೂ ತರಲಾರದೆ ಅಂದು ಶಾಲೆಯನ್ನೇ ತಪ್ಪಿಸುವ ಮಗುವೂ ಒಂದೇ ಬೆಂಚಿನ ಮೇಲೆ ಕುಳಿತಿರುವುದುಂಟು. ಕೊಡುವವನ ಹೆಸರು ದೊಡ್ಡದಾದಷ್ಟೂ ಕೊಡಲಾರದವನ ತಲೆ ತಗ್ಗುವುದು. ಆದುದರಿಂದ ಈ ಪೊಟ್ಟಣಗಳು ತರಗತಿಯ ಕೂಡುದುಡಿಮೆಯಾಗಿರಬೇಕು. ಅನುಕೂಲವುಳ್ಳವರು ಸಾಮಗ್ರಿ ತರಲಿ. ಉಳಿದವರು ಕಾಗದ ಮಡಿಸಲಿ, ಸಿಪ್ಪೆ ಕೇರಲಿ, ತೂಕ ಮಾಡಲಿ. ಯಾರು ಏನನ್ನು ತಂದರೆಂಬುದನ್ನು ಹಲಗೆಯ ಮೇಲೆ ಬರೆಯಕೂಡದು. ಪೊಟ್ಟಣದ ಮೇಲೆ ತರಗತಿಯ ಹೆಸರು ಮಾತ್ರ ಇರತಕ್ಕದ್ದು.

ಲೆಕ್ಕ

ಒಬ್ಬರಿಗೆ 50 ಗ್ರಾಮಿನಂತೆ ನಲವತ್ತು ಜನರಿಗೆ 2 ಕಿಲೋಗ್ರಾಮ್ ಬೇಕಾಗುವುದು. ಅದರ ಹಂಚಿಕೆ ಹೀಗಿರಲಿ: ಹುರಿದು ಸಿಪ್ಪೆ ತೆಗೆದ ಶೇಂಗಾ, ಹುರಿಗಡಲೆ, ಒಣಕೊಬ್ಬರಿ, ಬೆಲ್ಲ, ಇವು ತಲಾ 450 ಗ್ರಾಮ್, ಬಿಳಿ ಎಳ್ಳು 200 ಗ್ರಾಮ್. ಶೇಂಗಾ ಹುರಿದಾಗ ನೀರಿನಂಶವೂ ಸಿಪ್ಪೆಯೂ ಹೋಗಿ ತೂಕ ಕುಗ್ಗುವುದು. ಕೊಬ್ಬರಿಯ ಕಂದು ಹೊರಪದರವನ್ನು ಹೆರೆದಾಗಲೂ ಹೀಗೆಯೇ. ಆದುದರಿಂದ ಅವೆರಡನ್ನೂ ಅರ್ಧ ಕಿಲೋಗಿಂತ ಕಡಿಮೆ ಕೊಳ್ಳಬಾರದು.

ಇಲ್ಲಿ ಭಾಷೆಯ ಪಾಠವೂ ಒಂದುಂಟು. ಬೆಂಗಳೂರಿನ ಕಡೆಯ ಮಗು ಕಡಲೆಕಾಯಿ ಬೀಜವೆನ್ನುವುದನ್ನೇ ಧಾರವಾಡದ ಕಡೆಯ ಮಗು ಶೇಂಗಾ ಎನ್ನುವುದು, ಕರಾವಳಿಯ ಮಗು ನೆಲಗಡಲೆ ಎನ್ನುವುದು. ಹುರಿಗಡಲೆಗೆ ಉತ್ತರದಲ್ಲಿ ಪುಟಾಣಿ ಎಂದು ಹೆಸರು. ಸಾಮಗ್ರಿಯ ಪಟ್ಟಿ ಬರೆಯುವಾಗ ಈ ಹೆಸರುಗಳೆಲ್ಲವನ್ನೂ ಬರೆಯಿರಿ. ಯಾವುದೂ ತಪ್ಪಲ್ಲ, ಎಲ್ಲವೂ ಕನ್ನಡವೇ.

ಹದ

ಒಲೆಯ ಕೆಲಸವೂ ಚಾಕುವಿನ ಕೆಲಸವೂ ಹಿರಿಯರಿಗೆ ಸೇರಿದ್ದು. ಎಳ್ಳು ಸಣ್ಣದು, ಬೇಗ ಕಾಯುವುದು. ಶೇಂಗಾ ದಪ್ಪ, ತಡವಾಗಿ ಕಾಯುವುದು. ಎರಡನ್ನೂ ಒಂದೇ ಬಾಣಲೆಗೆ ಹಾಕಿದರೆ ಶೇಂಗಾ ಹುರಿಯುವಷ್ಟರಲ್ಲಿ ಎಳ್ಳು ಸೀಯುವುದು. ಆದುದರಿಂದ ಬೇರೆಬೇರೆಯಾಗಿಯೇ, ಸಣ್ಣ ಉರಿಯಲ್ಲಿ ಹುರಿಯಬೇಕು. ಎಳ್ಳು ಚಟಪಟನೆ ಸಿಡಿಯತೊಡಗಿದೊಡನೆ ಇಳಿಸತಕ್ಕದ್ದು. ಶೇಂಗಾ ಆರಿದ ಮೇಲೆ ಕೈಯಲ್ಲಿ ಉಜ್ಜಿ, ಮೊರದಲ್ಲಿ ಕೇರಿ, ಎರಡು ಹೋಳು ಮಾಡಬೇಕು.

ಕೊಬ್ಬರಿಯನ್ನೂ ಬೆಲ್ಲವನ್ನೂ ಕಡಲೆಯಷ್ಟು ಚಿಕ್ಕ ತುಂಡುಗಳಾಗಿ ಹೆಚ್ಚಿ, ತೆಳುವಾದ ಬಟ್ಟೆ ಮುಚ್ಚಿ ಬಿಸಿಲಿಗಿಡುವುದು ವಾಡಿಕೆ. ಚಾಳಿನ ಒಂದೇ ಕೋಣೆಯಲ್ಲಿ ವಾಸಿಸುವವರು ಕಿಟಕಿಗೆ ಬರುವ ಬಿಸಿಲನ್ನೇ ಎರಡು ದಿನ ಬಳಸಿಕೊಳ್ಳಬಹುದು. ಬೆಲ್ಲಕ್ಕೆ ಗಾಳಿಯ ತೇವವನ್ನು ಹೀರುವ ಗುಣವಿದೆ. ಕಡಲ ತೀರದ ಊರಿನಲ್ಲಿ ಅದು ಬೇಗ ಜಿನುಗುವುದು. ಹುರಿದ ಪದಾರ್ಥಗಳು ಬಿಸಿಯಾಗಿರುವಾಗ ಬೆಲ್ಲ ಬೆರೆಸಿದರೆ ಅದು ಮೆತ್ತಗಾಗಿ ಎಲ್ಲವೂ ಒಂದೇ ಮುದ್ದೆಯಾಗುವುದು. ಹೀಗಾಗಿ ಎಲ್ಲವೂ ಪೂರ್ತಿ ತಣಿದ ಮೇಲೆ, ಕಟ್ಟಕಡೆಗೆ ಬೆಲ್ಲವನ್ನು ಸೇರಿಸಬೇಕು.

ಪೊಟ್ಟಣ

ಅಚ್ಚಾದ ವೃತ್ತಪತ್ರಿಕೆಯಲ್ಲಿ ತಿನಿಸು ಕಟ್ಟಬಾರದು. ಶಾಯಿಯಲ್ಲಿರುವ ಹಾನಿಕರ ರಾಸಾಯನಿಕಗಳು ಆಹಾರಕ್ಕೆ ಇಳಿಯುವುವೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2016ರಲ್ಲಿಯೂ 2023ರಲ್ಲಿಯೂ ಎಚ್ಚರಿಸಿದೆ. ಕೊಬ್ಬರಿ, ಎಳ್ಳು, ಶೇಂಗಾಗಳಲ್ಲಿ ಎಣ್ಣೆ ಇರುವುದರಿಂದ ಈ ಎಚ್ಚರಿಕೆ ಇಲ್ಲಿ ಹೆಚ್ಚು ಸಲ್ಲುವುದು.

ಏನೂ ಅಚ್ಚಾಗದ, 21 ಸೆಂಟಿಮೀಟರ್ ಅಗಲ, 29.7 ಸೆಂಟಿಮೀಟರ್ ಉದ್ದದ ಬಿಳಿ ಹಾಳೆಯನ್ನು ಅಡ್ಡಲಾಗಿ ಎರಡು ಸಮಭಾಗ ಮಾಡಿರಿ. ಇಪ್ಪತ್ತು ಹಾಳೆಗಳಿಂದ ನಲವತ್ತು ತುಂಡುಗಳಾಗುವುವು. ತುಂಡಿನ 21 ಸೆಂಟಿಮೀಟರ್ ಬದಿಯು ನಿಮ್ಮ ಮುಂದೆ ಅಡ್ಡಲಾಗಿರಲಿ. ಎಡ ಬಲ ಅಂಚುಗಳನ್ನು ನಡುವಿಗೆ ತಂದು, ಒಂದರ ಮೇಲೊಂದು 1 ಸೆಂಟಿಮೀಟರ್ ಬರುವಂತೆ ಅಂಟಿಸಿರಿ. 10 ಸೆಂಟಿಮೀಟರ್ ಅಗಲದ ಕೊಳವೆಯಾಯಿತು. ಅದರ ಕೆಳತುದಿಯನ್ನು 2 ಸೆಂಟಿಮೀಟರ್ ಮೇಲಕ್ಕೆ ಮಡಿಸಿ ಅಂಟಿಸಿದರೆ ಚೀಲ ಸಿದ್ಧ.

ಒಂದು ಚಮಚ ಮೈದಾಹಿಟ್ಟನ್ನು ತಣ್ಣೀರಿನಲ್ಲಿ ಕದಡಿ, ಗಂಜಿಯಂತೆ ಕಾಯಿಸಿದರೆ ಒಳ್ಳೆಯ ಅಂಟು ದೊರೆಯುವುದು. ಅಂಟಿಸಿದ ಚೀಲಗಳನ್ನು ಒಂದು ರಾತ್ರಿ ಒಣಗಿಸಿರಿ. ಹಸಿಯಿದ್ದರೆ ಬೆಲ್ಲ ಜಿನುಗುವುದು. ಎಣ್ಣೆ ಹೊರಗೆ ಇಳಿಯದಂತೆ ಒಳಗೆ ಬಟರ್ ಪೇಪರಿನ ತುಂಡೊಂದನ್ನಿಡಬಹುದು. ಬಾಯಿಯನ್ನು ಮಡಿಸಿ ನೂಲಿನಿಂದ ಕಟ್ಟಿರಿ. ಟಾಚಣಿ, ಸ್ಟೇಪ್ಲರ್ ಪಿನ್ನುಗಳನ್ನು ಎಂದೂ ಬಳಸಕೂಡದು. ಉದುರಿದ ಪಿನ್ನು ಎಳ್ಳಿನೊಡನೆ ಮಗುವಿನ ಬಾಯಿಗೆ ಹೋದೀತು.

ಎಚ್ಚರ

ಕೆಲವರ ದೇಹಕ್ಕೆ ಶೇಂಗಾ ಒಗ್ಗದು, ಕೆಲವರಿಗೆ ಎಳ್ಳು ಒಗ್ಗದು. ಅಂಥವರಿಗೆ ಅಲ್ಪ ಪ್ರಮಾಣವೂ ತುರಿ, ಬಾವು, ಉಸಿರು ಕಟ್ಟುವಿಕೆಯನ್ನು ತಂದು ಪ್ರಾಣಕ್ಕೆ ಎರವಾಗಬಹುದು. ಇದನ್ನು ಅಲರ್ಜಿ ಎನ್ನುವರು. ಕೆಲಸ ಆರಂಭಿಸುವ ಮೊದಲೇ ಪ್ರತಿಯೊಬ್ಬರ ಮನೆಯಲ್ಲಿಯೂ ವಿಚಾರಿಸತಕ್ಕದ್ದು. ಅಂಥ ಮಗುವೊಂದಿದ್ದರೆ ಶೇಂಗಾವನ್ನು ಆರಿಸಿ ತೆಗೆದುಕೊಟ್ಟರೆ ಸಾಲದು. ಅದರ ಪುಡಿಯೂ ಅಪಾಯವೇ. ಆಗ ತರಗತಿಗೆಲ್ಲ ಬಾಳೆಹಣ್ಣು, ಕಬ್ಬಿನ ತುಂಡುಗಳನ್ನೇ ಹಂಚುವುದು ಮೇಲು. ಒಬ್ಬನನ್ನು ಬದಿಗಿರಿಸಿ ಮೂವತ್ತೊಂಬತ್ತು ಜನ ತಿಂದ ಸಿಹಿಗೆ ಹಬ್ಬವೆಂದು ಹೆಸರಿಡಲಾಗದು. ಬಾಲವಾಡಿಯ ಪುಟ್ಟ ಮಕ್ಕಳಿಗೂ ಈ ಪೊಟ್ಟಣ ಸಲ್ಲದು; ಗಟ್ಟಿ ಬೀಜಗಳು ಗಂಟಲಿಗೆ ಸಿಲುಕುವ ಭಯವುಂಟು.

ಹಂಚಿಕೆ

ಒಂದು ಪೊಟ್ಟಣಕ್ಕೆ 50 ಗ್ರಾಮ್ ತೂಗಿ, ಅದು ಯಾವ ಬಟ್ಟಲಿಗೆ ಸಮವಾಗುವುದೋ ಆ ಬಟ್ಟಲಿನಿಂದಲೇ ಎಲ್ಲವನ್ನೂ ಅಳೆಯಿರಿ. ಅಳೆಯುವವನು ತನ್ನ ಪೊಟ್ಟಣವನ್ನು ಕಡೆಯಲ್ಲಿ ತೆಗೆದುಕೊಳ್ಳಲಿ. ಆಗ ಅಳತೆ ತಾನಾಗಿ ಸರಿಯಾಗುವುದು. ಶಾಲೆಯ ಅಂಗಳ ಗುಡಿಸುವವರಿಗೂ ಗಂಟೆ ಬಾರಿಸುವವರಿಗೂ ಪಾಲಿರಲಿ. ಮುಂಬಯಿಯ ಎಷ್ಟೋ ಶಾಲಾ ಕಟ್ಟಡಗಳಲ್ಲಿ ಒಂದೇ ಸೂರಿನಡಿ ಬೇರೆಬೇರೆ ಮಾಧ್ಯಮದ ತರಗತಿಗಳು ನಡೆಯುವುವು. ಪಕ್ಕದ ಕೋಣೆಯ ಮರಾಠಿ ಮಕ್ಕಳಿಗೂ ಕೆಲವು ಪೊಟ್ಟಣಗಳನ್ನೊಯ್ದು, ಕೊಡುವಾಗ ಕನ್ನಡದ ಮಾತನ್ನು ಆಡಿ, ಅವರ ಮಾತನ್ನು ಕೇಳಿ ಬನ್ನಿರಿ. ಊರು ಬಿಟ್ಟು ಬಂದ ನಮಗೆ ನೆರೆಯೇ ಊರು; ಆ ನೆರೆಯನ್ನು ಗಳಿಸುವ ಬಗೆಗಳಲ್ಲಿ ಇದೂ ಒಂದು.

ಅಭ್ಯಾಸ

1. ತರಗತಿಯಲ್ಲಿ 36 ಮಕ್ಕಳಿದ್ದಾರೆ. ಮೇಲಿನ ಪ್ರಮಾಣದಲ್ಲಿಯೇ ಪ್ರತಿಯೊಂದು ಸಾಮಗ್ರಿಯೂ ಎಷ್ಟೆಷ್ಟು ಬೇಕು? ಹಾಳೆಗಳೆಷ್ಟು ಬೇಕು?

2. ಬೆಲ್ಲವನ್ನು ಕಡೆಯಲ್ಲಿ ಬೆರೆಸಬೇಕೇಕೆ? ಕಾರಣ ಬರೆಯಿರಿ.

3. ನಿಮ್ಮ ಮನೆಯಲ್ಲಿ ಈ ಐದು ಸಾಮಗ್ರಿಗಳಿಗೆ ಏನೇನು ಹೆಸರು? ಅಜ್ಜಿಯನ್ನೋ ತಾಯಿಯನ್ನೋ ಕೇಳಿ ಪಟ್ಟಿ ಮಾಡಿರಿ.

4. ನಿಮ್ಮ ತರಗತಿಯಲ್ಲಿ ಎಳ್ಳು ಅಥವಾ ಶೇಂಗಾ ಒಗ್ಗದವರಿರುವರೇ? ವಿಚಾರಿಸಿ, ಉಪಾಧ್ಯಾಯರಿಗೆ ತಿಳಿಸಿರಿ.