ಆಫೀಸ್ ಹೊಸದಾಗಲಿ, ಫೈಲು ಉಳಿಯಲಿ

ಮಗಳ ಪ್ರಾಜೆಕ್ಟು, ಮಗನ ನೋಟ್ಸು, ಮನೆಖರ್ಚಿನ ಎಕ್ಸೆಲ್ ಹಾಳೆ, ಎಲ್ಲವೂ ಒಂದೇ ಕಂಪ್ಯೂಟರಿನಲ್ಲಿ. ಅದರಲ್ಲಿರುವುದು ಆಫೀಸ್ 2016 ಅಥವಾ 2019 ಆಗಿದ್ದರೆ, 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಅದರ ಬೆಂಬಲ ನಿಲ್ಲಿಸಿದೆ. ಹಾಗೆಂದು ವರ್ಡ್ ತೆರೆಯುವುದೇ ಇಲ್ಲ ಎಂದಲ್ಲ. ಸುರಕ್ಷತೆಯ ಅಪ್‌ಡೇಟ್ ಬರುವುದು ನಿಂತಿದೆ. ಇವತ್ತೇ ಓಡಬೇಕಿಲ್ಲ, ಆದರೆ ಬದಲಿಸುವುದು ಒಳ್ಳೆಯದು.

‘ಬದಲಿಸಿದರೆ ಫೈಲೆಲ್ಲ ಹೋಗ್ತವಾ ಸಾರ್?’ ಎಂದು ಪೋಷಕರು ಕೇಳುತ್ತಾರೆ. ವರ್ಡ್ ಪೆನ್ನಿದ್ದಂತೆ, ಫೈಲು ನೋಟ್‌ಬುಕ್ ಇದ್ದಂತೆ. ಪೆನ್ನು ಬದಲಿಸಿದ್ದಕ್ಕೆ ಬರೆದದ್ದು ಅಳಿಸಿಹೋಗದು. ಹಳೆಯ ಆಫೀಸನ್ನು ಅನ್‌ಇನ್‌ಸ್ಟಾಲ್ ಮಾಡಿದರೂ ನಿಮ್ಮ ಡಾಕ್ಯುಮೆಂಟ್‌ಗಳು ಇದ್ದಲ್ಲೇ ಇರುತ್ತವೆ.

ಹಾಗಾದರೆ ಕಳೆದುಕೊಂಡವರು ಕಳೆದುಕೊಂಡದ್ದು ಹೇಗೆ? ನಾನು ಕಂಡಂತೆ ಹೆಚ್ಚಿನ ಸಲ ಒಂದೇ ಮಾತಿನಿಂದ: ‘ಸಿಸ್ಟಮ್ ಸ್ಲೋ ಇದೆ, ಹೇಗೂ ಹೊಸ ಆಫೀಸ್ ಹಾಕ್ತೀವಲ್ಲ, ಒಂದ್ಸಲ ಫಾರ್ಮ್ಯಾಟ್ ಮಾಡ್ಬಿಡ್ಲಾ?’ ರಿಪೇರಿಯವರು ಕೇಳುತ್ತಾರೆ, ನಾವು ತಲೆಯಾಡಿಸುತ್ತೇವೆ. ಅಳಿಯುವುದು ಸಿ ಡ್ರೈವ್. ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಡಾಕ್ಯುಮೆಂಟ್ಸ್ ಮೂರೂ ಸಾಮಾನ್ಯವಾಗಿ ಇರುವುದು ಅದರೊಳಗೇ. ಮಕ್ಕಳು ಸೇವ್ ಮಾಡುವುದೂ ಅಲ್ಲೇ. ಆಫೀಸ್ ಬದಲಿಸಲು ಫಾರ್ಮ್ಯಾಟ್ ಬೇಕಿಲ್ಲ. ಇದನ್ನು ಧೈರ್ಯವಾಗಿ ಹೇಳಿ.

ಆದರೂ ಮೊದಲು ಬ್ಯಾಕಪ್. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಯಾವುದನ್ನು ಎಲ್ಲಿಟ್ಟಿದೆ ಎಂದು ಗೊತ್ತಿರುವುದು ಅದಕ್ಕೇ. ಸಿ ಡ್ರೈವಿನ ‘ಯೂಸರ್ಸ್’ ಒಳಗೆ ನಿಮ್ಮ ಹೆಸರಿನ ಫೋಲ್ಡರ್ ಇರುತ್ತದೆ. ಅದರಲ್ಲಿರುವ ಆ ಮೂರು ಫೋಲ್ಡರುಗಳನ್ನೂ ಹೊರಗಿನ ಹಾರ್ಡ್‌ಡಿಸ್ಕ್‌ಗೋ ಪೆನ್‌ಡ್ರೈವ್‌ಗೋ ಕಾಪಿ ಮಾಡಿ. ಕಟ್ ಮಾಡಬೇಡಿ. ಆಮೇಲೆ ಎರಡೂ ಕಡೆ ‘ಪ್ರಾಪರ್ಟೀಸ್’ ತೆರೆದು ಫೈಲುಗಳ ಸಂಖ್ಯೆ ತಾಳೆ ನೋಡಿ. ಔಟ್‌ಲುಕ್‌ನಲ್ಲಿ ಮೇಲ್ ಇಟ್ಟುಕೊಳ್ಳುವವರು ಆ ಮೇಲ್‌ಗಳಿರುವ ಪಿಎಸ್‌ಟಿ ಫೈಲನ್ನೂ ಮರೆಯಬಾರದು.

ಒನ್‌ಡ್ರೈವ್‌ನಲ್ಲಿ ಇದೆಯಲ್ಲ ಎನ್ನುವವರಿಗೆ: ಉಚಿತ ಜಾಗ 5 ಜಿಬಿ ಮಾತ್ರ. ಜೊತೆಗೆ ಅದು ಕನ್ನಡಿಯಂತೆ. ಸಿಂಕ್ ಆಗುವ ಫೋಲ್ಡರಿನಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ, ಸ್ವಲ್ಪ ದಿನ ರೀಸೈಕಲ್ ಬಿನ್‌ನಲ್ಲಿ ಉಳಿಯುತ್ತದೆ ಅಷ್ಟೆ.

ಹೊಸ ಆವೃತ್ತಿಗಳು ಮೈಕ್ರೋಸಾಫ್ಟ್ ಖಾತೆಗೆ ಅಂಟಿಕೊಂಡಿರುತ್ತವೆ. ಆ ಇ-ಮೇಲ್, ಪಾಸ್‌ವರ್ಡ್ ಅಂಗಡಿಯವರದ್ದಾಗಿರದೆ ನಿಮ್ಮದೇ ಆಗಿರಲಿ. ದುಡ್ಡು ಹಾಕಲು ಮನಸ್ಸಿಲ್ಲದಿದ್ದರೆ ಲಿಬ್ರೆಆಫೀಸ್ ಉಚಿತ. ವರ್ಡ್ ಫೈಲುಗಳನ್ನು ತೆರೆಯುತ್ತದೆ, ಪುಟದ ಜೋಡಣೆ ಅಲ್ಲಲ್ಲಿ ಕದಲಬಹುದು. ಕದ್ದ ಪ್ರತಿಗಿಂತ ನೂರು ಪಾಲು ಮೇಲು.

ಕನ್ನಡದಲ್ಲಿ ಟೈಪ್ ಮಾಡುವ ಮನೆಗಳಿಗೆ ಇನ್ನೊಂದು ವಿಷಯ. ನುಡಿ, ಬರಹದ ಹಳೆಯ, ಯುನಿಕೋಡ್ ಅಲ್ಲದ ಫಾಂಟಿನಲ್ಲಿ ಮಾಡಿದ ಫೈಲು ಬೇರೆ ಕಂಪ್ಯೂಟರಿನಲ್ಲಿ ಅಥವಾ ಫಾರ್ಮ್ಯಾಟ್ ಆದ ಮೇಲೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಂತೆ ಕಾಣುತ್ತದೆ. ‘ಕರಪ್ಟ್ ಆಗಿದೆ’ ಎಂದು ಅಳಿಸಿಬಿಡುವವರಿದ್ದಾರೆ. ಫೈಲಿಗೆ ಏನೂ ಆಗಿರುವುದಿಲ್ಲ. ಅದೇ ಫಾಂಟನ್ನು ಮತ್ತೆ ಹಾಕಿದರೆ ಕನ್ನಡ ಮರಳುತ್ತದೆ. ಬ್ಯಾಕಪ್ ಮಾಡುವಾಗ ಆ ಫಾಂಟನ್ನೂ ಜೊತೆಗೆ ತೆಗೆದಿಡಿ.

ಹೊಸ ಆಫೀಸ್ ಬಂದ ಮೇಲೆ ನಾಲ್ಕಾರು ಫೈಲು ತೆರೆದು ನೋಡಿ. ಪೆನ್‌ಡ್ರೈವನ್ನು ಒಂದು ತಿಂಗಳು ಖಾಲಿ ಮಾಡಬೇಡಿ. ಪ್ರಾಜೆಕ್ಟ್ ಒಪ್ಪಿಸಬೇಕಾದ ವಾರದಲ್ಲಿ ಮಾತ್ರ ದಯವಿಟ್ಟು ಈ ಕೆಲಸಕ್ಕೆ ಕೈಹಾಕಬೇಡಿ.