ಮೇದೋಜೀರಕ ಗ್ರಂಥಿಯ ಮುಂದುವರಿದ ಕ್ಯಾನ್ಸರ್: ಚಿಕಿತ್ಸೆ ಮತ್ತು ಭರವಸೆ

ಜಠರದ ಹಿಂಬದಿಯಲ್ಲಿ, ಬೆನ್ನೆಲುಬಿನ ಮುಂದೆ ಅಡ್ಡಲಾಗಿ ಮಲಗಿರುವ ಸುಮಾರು 15 ಸೆಂಟಿಮೀಟರ್ ಉದ್ದದ ಅಂಗವೇ ಮೇದೋಜೀರಕ ಗ್ರಂಥಿ. ಉಂಡ ಅನ್ನವನ್ನು, ಅದರಲ್ಲಿಯೂ ಜಿಡ್ಡನ್ನು, ಕರಗಿಸುವ ರಸವನ್ನು ಅದು ಕರುಳಿಗೆ ಸುರಿಸುತ್ತದೆ. ರಕ್ತದ ಸಕ್ಕರೆಯನ್ನು ಹದದಲ್ಲಿಡುವ ಇನ್ಸುಲಿನ್ ಹುಟ್ಟುವುದೂ ಅಲ್ಲಿಯೇ. ಇಷ್ಟು ಆಳದಲ್ಲಿ ಅಡಗಿರುವುದರಿಂದ ಅಲ್ಲಿ ಮೂಡಿದ ಗಂಟು ಬಹುಕಾಲ ಕೈಗೂ ಸಿಗುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ. ಕಣ್ಣು ಹಳದಿಯಾಗುವುದು, ಮೈತುಂಬ ನವೆ, ಮೂತ್ರದ ಬಣ್ಣ ಗಾಢವಾಗಿ ಮಲ ಬಿಳಿಚುವುದು, ಹೊಟ್ಟೆಯಿಂದ ಬೆನ್ನಿಗೆ ಹಾಯುವ ನೋವು, ಕಾರಣವಿಲ್ಲದೆ ತೂಕ ಇಳಿಯುವುದು, ಐವತ್ತು ದಾಟಿದವರಲ್ಲಿ ಹಠಾತ್ತನೆ ಸಕ್ಕರೆ ಕಾಯಿಲೆ ಕಾಣಿಸಿಕೊಳ್ಳುವುದು ಇದರ ಸೂಚನೆಗಳು. ಇವು ತೋರುವ ವೇಳೆಗೆ ರೋಗ ಸಾಮಾನ್ಯವಾಗಿ ಬಹುದೂರ ಸಾಗಿರುತ್ತದೆ. ಕಾಮಾಲೆಯೆಂದು ಬಗೆದು ನಾಟಿ ಮದ್ದು ಕುಡಿಯುತ್ತ ವಾರಗಳನ್ನು ಕಳೆಯುವ ರೂಢಿಯೂ ನಮ್ಮಲ್ಲಿ ಇದೆ.

ರೋಗ ಮುಂದುವರಿದಿದೆ ಎಂದು ವೈದ್ಯರು ಈಗಾಗಲೇ ತಿಳಿಸಿರುವ ಕುಟುಂಬಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಲೇಖನವನ್ನು ಬರೆಯುತ್ತಿದ್ದೇವೆ. 'ಮುಂದುವರಿದಿದೆ' ಎಂಬ ಮಾತಿಗೆ ಎರಡು ಅರ್ಥಗಳುಂಟು. ಗಂಟು ಸುತ್ತಲಿನ ದೊಡ್ಡ ರಕ್ತನಾಳಗಳನ್ನು ತಬ್ಬಿಕೊಂಡು, ಬೇರೆಡೆಗೆ ಹರಡದೆ ಇದ್ದಲ್ಲಿಯೇ ಬೆಳೆದಿರುವುದು ಒಂದು. ಯಕೃತ್ತು, ಶ್ವಾಸಕೋಶ ಅಥವಾ ಹೊಟ್ಟೆಯ ಒಳಪೊರೆಗೆ ಹರಡಿರುವುದು ಇನ್ನೊಂದು. ಮೊದಲನೆಯದರಲ್ಲಿ ಕೆಲವು ತಿಂಗಳ ಕೀಮೋಥೆರಪಿ, ಕೆಲವೊಮ್ಮೆ ವಿಕಿರಣ ಚಿಕಿತ್ಸೆಯ ನಂತರ ಗಂಟು ಕುಗ್ಗಿ, ಆಯ್ದ ಕೆಲವರಿಗೆ ಶಸ್ತ್ರಚಿಕಿತ್ಸೆಯ ಬಾಗಿಲು ತೆರೆಯುವುದುಂಟು. ಎರಡನೆಯದರಲ್ಲಿ ಶಸ್ತ್ರಚಿಕಿತ್ಸೆಯಿಂದ ಪ್ರಯೋಜನವಿಲ್ಲ, ಔಷಧಿಯೇ ದಾರಿ. ಆದ್ದರಿಂದ ತಮ್ಮವರದು ಇವೆರಡರಲ್ಲಿ ಯಾವುದೆಂದು ಮೊದಲು ಕೇಳಿ ತಿಳಿಯಬೇಕು.

ಸತ್ಯವನ್ನು ಮರೆಮಾಚಿ ಭರವಸೆ ಕೊಡುವುದು ನಮಗೆ ಇಷ್ಟವಿಲ್ಲ. ಅಮೆರಿಕದ ಅಂಕಿಅಂಶಗಳ ಪ್ರಕಾರ, ಎಲ್ಲ ಹಂತಗಳನ್ನೂ ಸೇರಿಸಿದರೆ ಐದು ವರ್ಷ ಬದುಕುವವರು ನೂರಕ್ಕೆ ಸುಮಾರು 13 ಮಂದಿ. ದೂರದ ಅಂಗಗಳಿಗೆ ಹರಡಿದವರಲ್ಲಿ ಸುಮಾರು 3 ಮಂದಿ. ಕಠೋರವಾದ ಸಂಖ್ಯೆಗಳಿವು. ಆದರೆ ಇವು ಒಂದು ದೊಡ್ಡ ಗುಂಪಿನ ಲೆಕ್ಕವೇ ಹೊರತು ಎದುರಿಗೆ ಕುಳಿತಿರುವ ತಂದೆಯ ಅಥವಾ ತಾಯಿಯ ಆಯುಷ್ಯದ ಲೆಕ್ಕವಲ್ಲ.

ಚಿಕಿತ್ಸೆ ತೊಡಗುವ ಮೊದಲು ಬಯಾಪ್ಸಿ ಅವಶ್ಯ. ಗಂಟಿನ ಚೂರನ್ನು ತೆಗೆದರೆ ರೋಗ ಹರಡುತ್ತದೆಂಬ ಭಯ ಹಳ್ಳಿಯಲ್ಲೂ ಪಟ್ಟಣದಲ್ಲೂ ಇದೆ. ಆ ಭಯಕ್ಕೆ ಮಣಿದು ಪರೀಕ್ಷೆ ಬಿಟ್ಟರೆ ನಷ್ಟವೇ ಹೆಚ್ಚು. ಏಕೆಂದರೆ ಈ ಗ್ರಂಥಿಯ ಗಂಟುಗಳೆಲ್ಲ ಒಂದೇ ಜಾತಿಯವಲ್ಲ. ನೂರರಲ್ಲಿ ಹತ್ತಕ್ಕೂ ಕಡಿಮೆ ಮಂದಿಯಲ್ಲಿ ಹಾರ್ಮೋನು ಸ್ರವಿಸುವ ಕೋಶಗಳಿಂದ ಹುಟ್ಟಿದ ನ್ಯೂರೋಎಂಡೋಕ್ರೈನ್ ಗಂಟು ಇರುತ್ತದೆ. ಅದರ ನಡಿಗೆ ಸಾಮಾನ್ಯವಾಗಿ ನಿಧಾನ, ಚಿಕಿತ್ಸೆಯೂ ಬೇರೆ. ಆಪಲ್ ಸಂಸ್ಥೆಯ ಸ್ಟೀವ್ ಜಾಬ್ಸ್ ಅವರಿಗೆ 2003ರಲ್ಲಿ ಪತ್ತೆಯಾದದ್ದು ಆ ಬಗೆಯದು. ಅವರು 2011ರವರೆಗೆ ಬದುಕಿದ್ದರು. ಅವರ ಉದಾಹರಣೆಯನ್ನು ಎಲ್ಲರಿಗೂ ಅನ್ವಯಿಸುವುದು ತಪ್ಪು, ಪರೀಕ್ಷಿಸದೆ ಆಸೆ ಬಿಡುವುದೂ ತಪ್ಪು.

ಸಾಮಾನ್ಯ ಬಗೆಯ ರೋಗಕ್ಕೆ ಬಹುಕಾಲ ಜೆಮ್ಸಿಟಬಿನ್ ಎಂಬ ಒಂದೇ ಔಷಧಿಯ ಆಸರೆಯಿತ್ತು. 2011ರಲ್ಲಿ ಫ್ರಾನ್ಸಿನ ವೈದ್ಯರು ಫಾಲ್ಫಿರಿನಾಕ್ಸ್ ಎಂಬ ಔಷಧಿಕೂಟದ ಫಲಿತಾಂಶವನ್ನು ಪ್ರಕಟಿಸಿದರು. ರೋಗ ಹರಡಿದ್ದವರಲ್ಲಿ ಜೆಮ್ಸಿಟಬಿನ್ ಪಡೆದವರ ಮಧ್ಯಕ ಆಯುಷ್ಯ 6.8 ತಿಂಗಳಿದ್ದರೆ, ಇದನ್ನು ಪಡೆದವರದು 11.1 ತಿಂಗಳು. ಮಧ್ಯಕವೆಂದರೆ ಅರ್ಧದಷ್ಟು ಜನ ಅದಕ್ಕಿಂತ ಹೆಚ್ಚು ಕಾಲ ಬದುಕಿದರೆಂದು ಅರ್ಥ. ಎರಡು ವಾರಕ್ಕೊಮ್ಮೆ ಕೊಡುವ ಈ ಚಿಕಿತ್ಸೆ ಬಲವಾದದ್ದು. ಭೇದಿ, ಬೆರಳುಗಳ ಜೋಮು, ಬಿಳಿ ರಕ್ತಕಣಗಳ ಇಳಿತ ಇದರ ಜೊತೆಗೇ ಬರುತ್ತವೆ. ಎದ್ದು ಓಡಾಡುವ ಶಕ್ತಿಯುಳ್ಳವರಿಗೆ ಮಾತ್ರ ಇದು ತಕ್ಕುದು. 2013ರಲ್ಲಿ ಜೆಮ್ಸಿಟಬಿನ್ ಜೊತೆಗೆ ನ್ಯಾಬ್-ಪ್ಯಾಕ್ಲಿಟ್ಯಾಕ್ಸೆಲ್ ಸೇರಿಸುವ ಇನ್ನೊಂದು ಕ್ರಮವೂ ಫಲಕಾರಿಯೆಂದು ತಿಳಿಯಿತು. ಅಲ್ಲಿ ಮಧ್ಯಕ ಆಯುಷ್ಯ 6.7ರಿಂದ 8.5 ತಿಂಗಳಿಗೆ ಏರಿತು. ತೀರ ಬಳಲಿದವರಿಗೆ ಜೆಮ್ಸಿಟಬಿನ್ ಒಂದನ್ನೇ ಕೊಡುವುದು, ಅಥವಾ ಕೀಮೋಥೆರಪಿಯನ್ನೇ ಬಿಟ್ಟು ನೋವು ನಿವಾರಣೆಗೆ ಗಮನ ಕೊಡುವುದು ಕೂಡ ಚಿಕಿತ್ಸೆಯೇ. ಅದನ್ನು ಕೈಚೆಲ್ಲುವುದು ಎಂದು ಕರೆಯಬಾರದು.

ರೋಗಿಗೆ ಹುಟ್ಟಿನಿಂದಲೇ ಬಿಆರ್‌ಸಿಎ ಎಂಬ ಜೀನಿನಲ್ಲಿ ದೋಷವಿದೆಯೇ ಎಂದು ರಕ್ತದಿಂದ ಪರೀಕ್ಷಿಸಿಸುವುದು ಒಳ್ಳೆಯದು. ಅಂಥವರಿಗೆ ಪ್ಲಾಟಿನಂ ಗುಂಪಿನ ಔಷಧಿ ಚೆನ್ನಾಗಿ ಹಿಡಿಯುತ್ತದೆ. ಅದರಿಂದ ರೋಗ ಹತೋಟಿಗೆ ಬಂದರೆ ಒಲಾಪರಿಬ್ ಎಂಬ ಮಾತ್ರೆಯಿಂದ ಅದು ಮತ್ತೆ ಬೆಳೆಯುವುದನ್ನು ಇನ್ನಷ್ಟು ಕಾಲ ತಡೆಯಬಹುದೆಂದು 2019ರ ಅಧ್ಯಯನ ತೋರಿಸಿದೆ. ಈ ದೋಷ ಮಕ್ಕಳಿಗೂ ಬಂದಿರಬಹುದಾದ್ದರಿಂದ ಪರೀಕ್ಷೆಯ ಫಲ ಇಡೀ ಮನೆತನಕ್ಕೆ ಸಂಬಂಧಿಸಿದ್ದು. ಇನ್ನು, ಈ ರೋಗದವರಲ್ಲಿ ನೂರಕ್ಕೆ ಸುಮಾರು 90 ಮಂದಿಯ ಗಂಟಿನಲ್ಲಿ ಕೆಆರ್‌ಎಎಸ್ ಜೀನು ಕೆಟ್ಟಿರುತ್ತದೆ. ಇದನ್ನು ಯಾವ ಮದ್ದೂ ಮುಟ್ಟಲಾರದೆಂದು ದಶಕಗಳ ಕಾಲ ನಂಬಲಾಗಿತ್ತು. ಈಗ ಅದನ್ನೇ ಗುರಿಯಾಗಿಸಿದ ಔಷಧಿಗಳು ರೋಗಿಗಳ ಮೇಲಿನ ಪರೀಕ್ಷೆಯ ಹಂತ ತಲುಪಿವೆ. ಕ್ಲಿನಿಕಲ್ ಟ್ರಯಲ್ ಇದೆಯೇ ಎಂದು ತಜ್ಞರನ್ನು ವಿಚಾರಿಸಬಹುದು. 'ಗುಣ ಖಚಿತ, ಮುಂಗಡ ಇಷ್ಟು' ಎನ್ನುವವರು ನಡೆಸುವುದು ಅಧ್ಯಯನವಲ್ಲ, ವ್ಯಾಪಾರ.

ಆಯುಷ್ಯಕ್ಕಿಂತ ಮಿಗಿಲಾಗಿ ರೋಗಿಯ ದಿನಗಳನ್ನು ಹಗುರಗೊಳಿಸುವ ಕೆಲವು ಉಪಾಯಗಳಿವೆ. ಪಿತ್ತನಾಳ ಕಟ್ಟಿ ಕಾಮಾಲೆಯಾಗಿದ್ದರೆ ಎಂಡೋಸ್ಕೋಪಿಯ ಮೂಲಕ ಅಲ್ಲಿ ಸ್ಟೆಂಟ್ ಎಂಬ ಚಿಕ್ಕ ಕೊಳವೆ ಇಡುತ್ತಾರೆ. ನವೆ ಇಳಿದು, ಹಸಿವು ಮರಳಿ, ಕೀಮೋಥೆರಪಿಗೆ ದೇಹ ಅಣಿಯಾಗುತ್ತದೆ.

ಆಹಾರದ ವಿಷಯದಲ್ಲಿ ನಮ್ಮ ಓದುಗರಿಗೆ ವಿಶೇಷವಾಗಿ ಹೇಳಬೇಕಾದ ಮಾತೊಂದಿದೆ. ಗ್ರಂಥಿಯ ರಸ ನಿಂತುಹೋದಾಗ ಉಂಡದ್ದು ಮೈಗೆ ಹತ್ತದೆ, ಜಿಡ್ಡುಜಿಡ್ಡಾದ ದುರ್ಗಂಧದ ಮಲವಾಗಿ ಹೋಗುತ್ತದೆ. ಇದಕ್ಕೆ ಪ್ಯಾಂಕ್ರಿಯಾಟಿನ್ ಕ್ಯಾಪ್ಸೂಲನ್ನು ಊಟದ ಜೊತೆಗೇ, ಮೊದಲ ತುತ್ತಿನಿಂದ ಆರಂಭಿಸಿ, ಕೊಡುತ್ತಾರೆ. ಅದನ್ನು ತಯಾರಿಸುವುದು ಹಂದಿಯ ಮೇದೋಜೀರಕದಿಂದ. ಸಸ್ಯಾಹಾರಿ ಮನೆಗಳಲ್ಲಿ ಇದನ್ನು ರೋಗಿಗೆ ತಿಳಿಸದೆ ನುಂಗಿಸುವುದೂ ನಡೆಯುತ್ತದೆ, ತಿಳಿದ ಮೇಲೆ ವೈದ್ಯರಿಗೆ ಹೇಳದೆ ಬಿಟ್ಟುಬಿಡುವುದೂ ನಡೆಯುತ್ತದೆ. ಎರಡೂ ಸರಿಯಲ್ಲ. ಶಿಲೀಂಧ್ರದ ಡಯಾಸ್ಟೇಸ್ ಅಥವಾ ಪರಂಗಿಯ ಪಪೈನ್ ಇರುವ ಸಾಮಾನ್ಯ ಜೀರ್ಣದ ಮಾತ್ರೆಗಳು ಜಿಡ್ಡನ್ನು ಕರಗಿಸಲಾರವಾದ್ದರಿಂದ ಇದರ ಸ್ಥಾನವನ್ನು ತುಂಬಲಾರವು. ಪ್ರಾಣಾಂತಿಕ ರೋಗದಲ್ಲಿ ಔಷಧಿಯು ಔಷಧಿಯೇ ಹೊರತು ಆಹಾರವಲ್ಲವೆಂಬುದು ನಮ್ಮ ಅಭಿಪ್ರಾಯ. ಆದರೂ ನಿರ್ಧಾರ ರೋಗಿಯದು. ವಿಷಯ ತಿಳಿದ ಮೇಲೆ ಬೇಡವೆಂದರೆ ಅದನ್ನು ಗೌರವಿಸಿ, ವೈದ್ಯರಿಗೆ ತಿಳಿಸಿ, ಆಹಾರವನ್ನು ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳಬೇಕು. ಉಪವಾಸದಿಂದ ಗಂಟು ಸೊರಗುತ್ತದೆಂದು ಹೇಳುವವರ ಮಾತನ್ನು ಕೇಳಲೇಬಾರದು, ಸೊರಗುವುದು ರೋಗಿ. ತೊವ್ವೆ, ಮೊಸರು, ಹೆಸರುಬೇಳೆ ಪಾಯಸ, ರಾಗಿ ಗಂಜಿ, ಮೆತ್ತನೆಯ ಅನ್ನ, ಯಾವುದು ರುಚಿಸುವುದೋ ಅದನ್ನು ಸ್ವಲ್ಪಸ್ವಲ್ಪವಾಗಿ ದಿನಕ್ಕೆ ಆರು ಬಾರಿ ಕೊಡಬಹುದು. ಸಕ್ಕರೆ ಕಾಯಿಲೆ ಇದ್ದರೆ ಸಿಹಿಯ ಪ್ರಮಾಣವನ್ನು ವೈದ್ಯರಲ್ಲಿ ಕೇಳಿಕೊಳ್ಳಬೇಕು.

ನೋವನ್ನು ಹಲ್ಲುಕಚ್ಚಿ ಸಹಿಸುವುದರಲ್ಲಿ ಯಾವ ಹಿರಿಮೆಯೂ ಇಲ್ಲ. ಮಾರ್ಫಿನ್ ಮಾತ್ರೆಯನ್ನು ವೈದ್ಯರ ಸೂಚನೆಯಂತೆ ಹೊತ್ತುಹೊತ್ತಿಗೆ ಕೊಟ್ಟರೆ ರೋಗಿ ವ್ಯಸನಿಯಾಗುವನೆಂಬ ಅಂಜಿಕೆ ಬೇಡ. ಮಲಬದ್ಧತೆಗೆ ಮಾತ್ರ ಜೊತೆಯಲ್ಲಿಯೇ ಔಷಧಿ ಬೇಕು. 2014ರಲ್ಲಿ ಮಾದಕ ವಸ್ತುಗಳ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಆಸ್ಪತ್ರೆಗಳಿಗೆ ಇದನ್ನು ಪಡೆಯುವುದು ಮೊದಲಿಗಿಂತ ಸುಲಭವಾಗಿದೆ. ಬೆನ್ನಿಗೆ ಇರಿಯುವ ನೋವು ಮಾತ್ರೆಗೆ ಬಗ್ಗದಿದ್ದರೆ, ಅಲ್ಲಿನ ನರಜಾಲಕ್ಕೆ ಸೂಜಿಯ ಮೂಲಕ ಔಷಧಿ ಕೊಟ್ಟು ನೋವನ್ನು ತಗ್ಗಿಸುವ ಕ್ರಮವೂ ಇದೆ. ಉಪಶಮನ ಚಿಕಿತ್ಸೆಯವರನ್ನು ಕಾಣುವುದು ಕೊನೆಯ ವಾರದ ಕೆಲಸವಲ್ಲ. ಕೀಮೋಥೆರಪಿ ಆರಂಭವಾಗುವಾಗಲೇ ಕಾಣಬೇಕು. ಬೆಂಗಳೂರಿನ ಕರುಣಾಶ್ರಯವು ಕ್ಯಾನ್ಸರ್ ರೋಗಿಗಳಿಗೆ ಈ ಸೇವೆಯನ್ನು ಉಚಿತವಾಗಿ ನೀಡುತ್ತ ಬಂದಿದೆ.

ಹಣದ ವಿಷಯ. ಹೊಲ ಮಾರುವ ಮೊದಲು ಈ ಚಿಕಿತ್ಸೆಯಿಂದ ಎಷ್ಟು ಕಾಲ, ಎಂಥ ಕಾಲ ದೊರೆಯಬಹುದೆಂದು ವೈದ್ಯರನ್ನು ನೇರವಾಗಿ ಕೇಳಿರಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ನೆರವುಂಟು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂಥ ಸರಕಾರಿ ಕೇಂದ್ರಗಳಲ್ಲಿಯೂ ಮೇಲೆ ಹೇಳಿದ ಕೀಮೋಥೆರಪಿಯ ಔಷಧಿಗಳು ಬಳಕೆಯಲ್ಲಿವೆ. ಗೋವೆಯ ಮುಖ್ಯಮಂತ್ರಿಯಾಗಿದ್ದ ಮನೋಹರ ಪರೀಕ್ಕರ್ ಅವರು ಈ ರೋಗಕ್ಕೆ ವಿದೇಶದಲ್ಲಿಯೂ ಚಿಕಿತ್ಸೆ ಪಡೆದರು. ಮೂಗಿಗೆ ಕೊಳವೆ ಹಾಕಿಕೊಂಡೇ 2019ರ ಜನವರಿಯಲ್ಲಿ ಬಜೆಟ್ ಮಂಡಿಸಿದರು. ಮಾರ್ಚ್ 17ರಂದು ತೀರಿಕೊಂಡರು. ಹಣ, ಅಧಿಕಾರಗಳ ಮಿತಿಯೂ ಅಲ್ಲಿ ಕಾಣುತ್ತದೆ, ಉಳಿದ ದಿನಗಳನ್ನು ಕಾಯಕದಲ್ಲಿ ಕಳೆಯಲು ಸಾಧ್ಯವೆಂಬುದೂ ಕಾಣುತ್ತದೆ.

ರೋಗಿಗೆ ತಿಳಿಸಬೇಡಿರೆಂದು ಮಕ್ಕಳು ವೈದ್ಯರ ಕಿವಿಯಲ್ಲಿ ಹೇಳುವುದು ಪ್ರೀತಿಯಿಂದಲೇ. ಆದರೆ ಬಹುಪಾಲು ರೋಗಿಗಳು ಮನೆಯವರ ಮುಖ ನೋಡಿಯೇ ಅರಿತಿರುತ್ತಾರೆ. ಎಷ್ಟು ತಿಳಿಯಲು ಇಷ್ಟವೆಂದು ಅವರನ್ನೇ ಕೇಳಬಹುದು. ತಿಳಿದವರು ಆಸ್ತಿಯ ಪತ್ರ ಸರಿಪಡಿಸುತ್ತಾರೆ, ಮಾತು ಬಿಟ್ಟ ತಮ್ಮನನ್ನು ಕರೆಸಿಕೊಳ್ಳುತ್ತಾರೆ, ಮೊಮ್ಮಗಳ ಮದುವೆ ನೋಡಬೇಕೆನ್ನುತ್ತಾರೆ. ಅಂಥ ದಿನವೊಂದಿದ್ದರೆ ಅದರ ತಾರೀಖನ್ನು ವೈದ್ಯರಿಗೆ ಮುಂಚಿತವಾಗಿ ತಿಳಿಸಿರಿ. ಕೀಮೋಥೆರಪಿಯ ಒಂದು ಸರದಿಯನ್ನು ವಾರ ಮುಂದೂಡಿ, ರೋಗಿ ಆ ದಿನ ಎದ್ದು ಕೂರುವಂತೆ ಹೊಂದಿಸಲು ಬಹಳಷ್ಟು ವೈದ್ಯರು ಒಪ್ಪುತ್ತಾರೆ.