ಕಾರಿನ ಎ.ಸಿ. ಬಿಸಿ ಗಾಳಿ ಬೀಸಿದರೆ ಮೊದಲು ನೋಡಬೇಕಾದುದೇನು?

ಕಂಪ್ಲಿ, ಸಂಡೂರು, ಹೊಸಪೇಟೆ ಭಾಗದಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುವುದು ಹೊಸದೇನಲ್ಲ. ಮೆಟ್ರಿಯಂಥ ಊರಿನಿಂದ ವಯಸ್ಸಾದವರನ್ನೋ ಬಾಣಂತಿಯನ್ನೋ ಮಟಮಟ ಮಧ್ಯಾಹ್ನ ಹೊಸಪೇಟೆಗೋ ಬಳ್ಳಾರಿಗೋ ಆಸ್ಪತ್ರೆಗೆ ಕರೆದೊಯ್ಯುವಾಗ ಕಾರಿನ ಎ.ಸಿ. ಬಿಸಿ ಗಾಳಿ ಉಗುಳತೊಡಗಿದರೆ ಅದು ಬರೀ ಅನಾನುಕೂಲವಲ್ಲ, ಅಪಾಯವೂ ಹೌದು. ಇಂಥ ವೇಳೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: “ಗ್ಯಾಸ್ ಮುಗಿದಿದೆ, ತುಂಬಿಸಿ.” ತುಂಬಿಸಿದ ಎರಡು ತಿಂಗಳಿಗೆ ಮತ್ತೆ ಅದೇ ಪಾಡು.

ಗ್ಯಾಸು ಡೀಸೆಲ್ಲಿನಂತೆ ಉರಿದು ಖರ್ಚಾಗುವ ವಸ್ತುವಲ್ಲ ಎಂಬುದನ್ನು ರೈತ ಬಾಂಧವರು ಮೊದಲು ತಿಳಿಯಬೇಕು. ಅದೇ ಗ್ಯಾಸು ಕೊಳವೆಗಳಲ್ಲಿ ಸುತ್ತುತ್ತಿರುತ್ತದೆ. ವರ್ಷಗಳು ಕಳೆದಂತೆ ತುಸು ಕಡಿಮೆಯಾಗಬಹುದಾದರೂ, ತಿಂಗಳೊಪ್ಪತ್ತಿನಲ್ಲಿ ಖಾಲಿಯಾದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಸೋರುವ ಬಿಂದಿಗೆಗೆ ನೀರು ಸುರಿದು ಪ್ರಯೋಜನವಿಲ್ಲ.

ತಂಪಾಗುವ ಬಗೆ

ಮೈಮೇಲಿನ ಬೆವರು ಆರುವಾಗ ತಂಪೆನಿಸುವಂತೆಯೇ ಇಲ್ಲಿಯೂ. ಇಂದಿನ ಬಹುತೇಕ ಕಾರುಗಳಲ್ಲಿರುವ ಆರ್-134ಎ ಎಂಬ ಗ್ಯಾಸು ಸಾಮಾನ್ಯ ಒತ್ತಡದಲ್ಲಿ ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿಯುತ್ತದೆ. ಕಂಪ್ರೆಸರ್ ಅದನ್ನು ಒತ್ತಿ ಬಿಸಿ ಮಾಡುತ್ತದೆ. ರೇಡಿಯೇಟರಿನ ಮುಂದಿರುವ ಕಂಡೆನ್ಸರಿನಲ್ಲಿ ಅದು ಶಾಖವನ್ನು ಹೊರಗಿನ ಗಾಳಿಗೆ ಬಿಟ್ಟು ದ್ರವವಾಗುತ್ತದೆ. ಆಮೇಲೆ ಸಣ್ಣ ಕಿಂಡಿಯ ಮೂಲಕ ಹಾದು ಡ್ಯಾಶ್‌ಬೋರ್ಡಿನೊಳಗಿನ ಸುರುಳಿಯಲ್ಲಿ ಆವಿಯಾಗುತ್ತಾ ಕಾರಿನೊಳಗಿನ ಶಾಖವನ್ನು ಹೀರುತ್ತದೆ. ಈ ಸುತ್ತಿನಲ್ಲಿ ಎಲ್ಲಿ ತಡೆಯಾದರೂ ಗಾಳಿ ಬಿಸಿಯೇ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ

ಕಾರನ್ನು ಬಯಲಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಚಾಲೂ ಮಾಡಿ ಎ.ಸಿ. ಹಾಕಬೇಕು. ಲುಂಗಿ, ಟವೆಲ್ಲಿನ ತುದಿ ಬೆಲ್ಟಿನ ಬಳಿ ಸುಳಿಯದಿರಲಿ. ಬಾನೆಟ್ ತೆರೆದು ಕಿವಿಗೊಟ್ಟರೆ ಕಂಪ್ರೆಸರಿನ ಕಡೆಯಿಂದ ‘ಟಕ್’ ಎಂಬ ಸದ್ದು ಕೇಳಿ, ಅದರ ಮುಂದಿನ ತಟ್ಟೆ ಪುಲ್ಲಿಯೊಡನೆ ತಿರುಗಬೇಕು. ಕೆಲವು ಹೊಸ ಕಾರುಗಳಲ್ಲಿ ಈ ಕ್ಲಚ್ಚೇ ಇರುವುದಿಲ್ಲ, ಅಲ್ಲಿ ಸದ್ದೂ ಇರದು. ತಟ್ಟೆ ತಿರುಗದಿದ್ದರೆ ಫ್ಯೂಸು, ರಿಲೇ, ವೈರು ನೋಡಬೇಕು. ಭತ್ತದ ಚೀಲಗಳ ಪಕ್ಕದಲ್ಲಿ ಕಾರು ನಿಲ್ಲಿಸುವವರು ಇಲಿ ಕಡಿದ ವೈರನ್ನು ಮೊದಲೇ ಹುಡುಕುವುದು ಲೇಸು. ಗ್ಯಾಸು ತೀರಾ ಕಡಿಮೆಯಿದ್ದರೂ ಒತ್ತಡದ ಸ್ವಿಚ್ಚು ಕ್ಲಚ್ಚನ್ನು ತಡೆಯುತ್ತದೆ. ಈ ಸ್ವಿಚ್ಚಿಗೆ ಅಡ್ಡ ವೈರು ಹಾಕಿ ಓಡಿಸಬಾರದು. ಎಣ್ಣೆ ಗ್ಯಾಸಿನೊಡನೆಯೇ ಸುತ್ತುವುದರಿಂದ ಕಂಪ್ರೆಸರ್ ಒಣಗಿ ಹಿಡಿದುಕೊಳ್ಳುತ್ತದೆ. ಚಿಕ್ಕ ರಿಪೇರಿ ಹೋಗಿ ದೊಡ್ಡ ಖರ್ಚಾಗುತ್ತದೆ.

ಓಡುವಾಗ ತಂಪು, ನಿಂತಾಗ ಬಿಸಿ ಎಂದಾದರೆ ದೋಷ ಹೆಚ್ಚಾಗಿ ಮುಂದಿನ ಫ್ಯಾನಿನದು, ಇಲ್ಲವೇ ಕಂಡೆನ್ಸರಿನ ಕೊಳೆಯದು. ಈ ಸೀಮೆಯಲ್ಲಿ ಇದನ್ನು ಮರೆಯುವಂತಿಲ್ಲ. ಸಂಡೂರಿನ ಅದಿರು ರಸ್ತೆಗಳ ಕೆಂಪು ದೂಳು, ಭತ್ತದ ರಾಶಿಯ ಕಾಲದ ಹೊಟ್ಟು, ಸತ್ತ ಹುಳು ಸೇರಿ ಕಂಡೆನ್ಸರಿನ ಸಂದುಗಳಲ್ಲಿ ಕೆಸರಿನಂತೆ ಕೂರುತ್ತವೆ. ಎಂಜಿನ್ ಆರಿಸಿ, ತಣ್ಣಗಾದ ಮೇಲೆ ಸಾಧಾರಣ ಪೈಪಿನ ನೀರನ್ನು ಮೆಲ್ಲಗೆ ಹಾಯಿಸಬೇಕು. ಸಾಧ್ಯವಾದರೆ ಒಳಗಿನಿಂದ ಹೊರಕ್ಕೆ. ಹತ್ತಿರದಿಂದ ಪಂಪಿನ ಜೋರು ನೀರು ಹೊಡೆದರೆ ತೆಳು ರೆಕ್ಕೆಗಳು ಮಡಿಚಿಕೊಂಡು ಗಾಳಿಯ ದಾರಿಯೇ ಮುಚ್ಚಿಹೋಗುತ್ತದೆ. ಹಣವಿಲ್ಲದೆ ಆಗುವ ದುರಸ್ತಿ ಇದೊಂದೇ ಎನ್ನಬಹುದು.

ಗಾಳಿಯ ರಭಸವೇ ಕುಂದಿದ್ದರೆ ಒಳಗಿನ ಕ್ಯಾಬಿನ್ ಫಿಲ್ಟರ್ ಕಟ್ಟಿದೆ. ಎಂಜಿನ್ ಕಡೆಯ ದಪ್ಪ ಕೊಳವೆ ಬೆವತು ತಣ್ಣಗಿದ್ದೂ ಒಳಗೆ ಬಿಸಿ ಗಾಳಿ ಬಂದರೆ ಹೀಟರಿನ ಬಾಗಿಲು ಮುಚ್ಚಿಲ್ಲವೆಂದು ತಿಳಿಯಬೇಕು. ಗ್ಯಾಸಿನ ತಂಟೆ ಅದಲ್ಲ.

ಮೆಕ್ಯಾನಿಕ್ಕಿನ ಬಳಿ

ಎಂಜಿನ್ ನಿಂತಿರುವಾಗ ಗೇಜ್ ಹಚ್ಚಿ “ಒತ್ತಡ ಸರಿಯಿದೆ” ಎಂದರೆ ಒಪ್ಪಬೇಡಿ. ದ್ರವ ತುಸುವೇ ಉಳಿದಿದ್ದರೂ 40 ಡಿಗ್ರಿ ಶಾಖದಲ್ಲಿ ಗೇಜು ಸುಮಾರು 133 ಪಿ.ಎಸ್.ಐ. ತೋರಿಸುತ್ತದೆ. ಓಡುವಾಗ ಎರಡೂ ಕಡೆ ನೋಡಬೇಕು. ಎರಡೂ ಕಡಿಮೆಯಾದರೆ ಗ್ಯಾಸು ಸಾಲದು. ಎರಡೂ ಹೆಚ್ಚಾದರೆ ಕಂಡೆನ್ಸರ್ ಕೊಳೆ, ಫ್ಯಾನಿನ ದೋಷ ಅಥವಾ ಅತಿಯಾಗಿ ತುಂಬಿದ ಗ್ಯಾಸು. ಒಂದಕ್ಕೊಂದು ಸಮೀಪಿಸಿದರೆ ಕಂಪ್ರೆಸರ್ ಸೋತಿರಬಹುದು.

ಸೋರಿದ ಕಡೆ ಎಣ್ಣೆ ಜಿನುಗಿ ದೂಳು ಮೆತ್ತಿಕೊಂಡಿರುತ್ತದೆ. ಆ ಜೋಡಣೆಗೆ ಸೋಪಿನ ನೀರು ಹಚ್ಚಿದರೆ ಗುಳ್ಳೆ ಏಳಬಹುದು. ಅದನ್ನು ಸರಿಪಡಿಸಿ, ವ್ಯಾಕ್ಯೂಂ ಪಂಪಿನಿಂದ ಅರ್ಧ ಗಂಟೆಯಾದರೂ ಗಾಳಿ, ತೇವ ಹೀರಿಸಿ, ಆ ನಿರ್ವಾತ ನಿಲ್ಲುವುದನ್ನು ನೋಡಿದ ಮೇಲಷ್ಟೇ ಗ್ಯಾಸು ತುಂಬಿಸತಕ್ಕದ್ದು. ಎಷ್ಟು ಗ್ರಾಂ ಎಂಬುದು ಸಾಮಾನ್ಯವಾಗಿ ಬಾನೆಟ್ಟಿನಡಿಯ ಚೀಟಿಯಲ್ಲಿರುತ್ತದೆ. ತೂಕ ಹಾಕಿಸಿಯೇ ತುಂಬಿಸಿ. ಹಳೆಯ ಆರ್-12 ಓಝೋನ್ ಪದರಕ್ಕೆ ಹಾನಿಕರವೆಂದು 1987ರ ಮಾಂಟ್ರಿಯಲ್ ಒಪ್ಪಂದದ ಮೇರೆಗೆ ನಿಂತುಹೋಯಿತು. ಅದರ ಕಾಲದ ಕಾರಿಗೆ ಹೊಸ ಗ್ಯಾಸನ್ನು ಬೆರೆಸಬಾರದು. ಅಡುಗೆ ಗ್ಯಾಸನ್ನಂತೂ ಯಾವ ಕಾರಿಗೂ ತುಂಬಬಾರದು, ಒಳಗೆ ಸೋರಿದರೆ ಬೆಂಕಿಗೆ ದಾರಿ.

ಕೊಳವೆಯನ್ನು ತಾವೇ ಬಿಚ್ಚುವ ಸಾಹಸ ಬೇಡ. ಚಿಮ್ಮುವ ದ್ರವ ಚರ್ಮವನ್ನು ಮರಗಟ್ಟಿಸುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು. ಚಳಿಗಾಲದಲ್ಲಿಯೂ ವಾರಕ್ಕೊಮ್ಮೆ ಹತ್ತು ನಿಮಿಷ ಎ.ಸಿ. ಓಡಿಸುತ್ತಿದ್ದರೆ ಎಣ್ಣೆ ಹರಿದು ಸೀಲುಗಳು ಒಣಗುವುದಿಲ್ಲ. ಕಂಡೆನ್ಸರನ್ನು ರಾಶಿ ಮುಗಿದೊಡನೆ ಒಮ್ಮೆ, ಬೇಸಿಗೆಗೆ ಮುನ್ನ ಮತ್ತೊಮ್ಮೆ ತೊಳೆಯಬೇಕು.